ಯಂತ್ರಕ್ಕೆ ಕತ್ತರಿಸೋದು ಸುಲಭ, ಹಿಡಿಯೋದೇ ಕಷ್ಟ

ಹಿಂದೆ ಗಾಳಿ ಸದ್ದು ಕೇಳಿಸ್ತಿದ್ರೆ ಬೇಜಾರು ಮಾಡ್ಕೋಬೇಡಿ. ಇವತ್ತು ಸ್ಟುಡಿಯೋ ಬಿಟ್ಟು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಏರಿ ಮೇಲೆ ಕೂತು ಮಾತಾಡ್ತಿದ್ದೀನಿ. ಇಲ್ಲಿಂದ ತಿಪಟೂರು, ತುರುವೇಕೆರೆವರೆಗೂ ಎಲ್ಲಿ ನೋಡಿದ್ರೂ ತೆಂಗಿನ ತೋಟ. ಇವತ್ತಿನ ವಿಷಯ ಮಾತ್ರ ಕಾರ್ಖಾನೆಯ ಆಟೊಮೇಷನ್. ತೆಂಗಿನ ತೋಟಕ್ಕೂ ರೋಬೋಗೂ ಏನು ಸಂಬಂಧ ಅಂತೀರಾ? ನಮ್ಮ ದೊಡ್ಡಪ್ಪನ ಅಟ್ಟದಿಂದಲೇ ಶುರು ಮಾಡ್ತೀನಿ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಹೆಚ್ಚುಕಮ್ಮಿ ವರ್ಷ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಕಾಯಿ ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ನುತ್ತೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆ ಮುಕ್ಕಾಗದ ಹಾಗೆ ಹೊರಗೆ ತೆಗೀಬೇಕು. ಮುಕ್ಕಾದ್ರೆ ಅದು ಉಂಡೆ ಅಲ್ಲ, ಹೋಳು. ರೇಟು ಬಿತ್ತು ಅಂತಲೇ ಲೆಕ್ಕ. ಕೇಂದ್ರ ಸರ್ಕಾರದ ಬೆಂಬಲ ಬೆಲೆಯೇ ಬೇರೆ ಬೇರೆ ಇದೆ: 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ, ಎಣ್ಣೆಗೆ ಹೋಗೋ ಕೊಬ್ಬರಿಗೆ 11,582.

ಹೋದ ವರ್ಷ ದೊಡ್ಡಪ್ಪ ಫೋನ್ ಮಾಡಿ, "ಮಗ, ಸುಲಿಯೋಕೆ ಆಳು ಸಿಗ್ತಿಲ್ಲ. ಒಂದು ಮಿಷನ್ ತಗೊಂಡುಬಿಡೋಣ ಅಂತಿದ್ದೀನಿ. ನೀನು ಓದಿದೋನು, ಬಂದು ನೋಡು" ಅಂದ್ರು. ಹೋದೆ. ಚಿಪ್ಪು ಬಿಡಿಸೋ ಯಂತ್ರ ತಂದವರು 10 ಕಾಯಿ ಹಾಕಿ ತೋರಿಸಿದ್ರು. ಕ್ಷಣಾರ್ಧದಲ್ಲಿ ಕೆಲಸ ಮುಗೀತು. ಆದರೆ 3 ಉಂಡೆ ಸೀಳಿ ಹೋಗಿದ್ವು. ದೊಡ್ಡಪ್ಪ ಆ ಹೋಳು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ರು. "ಬ್ಲೇಡು ಬದಲಾಯಿಸಿದ್ರೆ ಸರಿಹೋಗುತ್ತೆ" ಅಂತ ಆ ಹುಡುಗ ಅಂದ. ನನಗೂ ಹಾಗೇ ಅನ್ನಿಸ್ತು. ಆಮೇಲೆ ಈ ವಿಷಯ ಓದ್ತಾ ಹೋದ ಹಾಗೆ, ತಪ್ಪು ಬ್ಲೇಡಿನದಲ್ಲ ಅಂತ ಗೊತ್ತಾಯ್ತು.

ಒಂದು ಸಣ್ಣ ಪ್ರಶ್ನೆ. ಜಗತ್ತಿನ ಮೊದಲ ಕೈಗಾರಿಕಾ ರೋಬೋ ಕಾರ್ಖಾನೆಗೆ ಹೋಗಿ ಏನು ಕೆಲಸ ಮಾಡ್ತು? ಅದರ ಹೆಸರು ಯುನಿಮೇಟ್. ಜಾರ್ಜ್ ಡೆವೋಲ್ ಅನ್ನೋರ ಆವಿಷ್ಕಾರ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಅದು ಏನನ್ನೂ ಕತ್ತರಿಸಲಿಲ್ಲ, ಕೊರೆಯಲಿಲ್ಲ. ಅಚ್ಚಿನಿಂದ ಬರೋ ಕೆಂಡದಂಥ ಲೋಹದ ತುಂಡು ಹಿಡಿದು ಆಚೆ ಇಡೋದೇ ಅದರ ಕೆಲಸ. ಅಂದ್ರೆ ಎತ್ತಿಕೊಡೋ ಆಳಿನ ಕೆಲಸ. ಲೋಹ ಕೊರೆಯೋ ಯಂತ್ರಗಳು ಅದಕ್ಕಿಂತ ಎಷ್ಟೋ ಮೊದಲೇ ಬಂದಿದ್ವು. ಅಂಕಿಗಳ ಆದೇಶ ಓದಿ ತಾನೇ ಲೋಹ ಕಡೆಯೋ ಯಂತ್ರವನ್ನು ಎಂಐಟಿಯವರು 1952ರಲ್ಲೇ ತೋರಿಸಿದ್ರು. ಇವತ್ತು ನಾವು ಸಿಎನ್‌ಸಿ ಅಂತೀವಲ್ಲ, ಅದರ ಅಜ್ಜ. ನಮ್ಮ ಬೆಂಗಳೂರಲ್ಲಿ ಲೇಥ್ ತಯಾರಿಸೋಕೆ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ.

ಸರಿ, ಹಿಡಿಯೋದು ಯಾಕೆ ಅಷ್ಟು ಕಷ್ಟ? ನಿಮ್ಮ ಫೋನನ್ನ ಟೇಬಲ್ ಮೇಲೆ ಇಡಿ. ಅದು ಎಡ-ಬಲ ಸರಿಯಬಹುದು, ಹಿಂದೆ-ಮುಂದೆ ಸರಿಯಬಹುದು, ಮೇಲೆ-ಕೆಳಗೆ ಹೋಗಬಹುದು. ಆ ಮೂರೂ ದಿಕ್ಕಿನ ಸುತ್ತ ತಿರುಗಲೂಬಹುದು. ಒಟ್ಟು 6 ಚಲನೆ. ಯಾವುದೇ ವಸ್ತುವನ್ನು ಕೊರೆಯೋ ಮುಂಚೆ ಈ ಆರಕ್ಕೂ ತಡೆ ಹಾಕಬೇಕು. ವರ್ಕ್‌ಶಾಪಿನಲ್ಲಿ ಇದಕ್ಕೊಂದು ಹಳೇ ಲೆಕ್ಕ ಇದೆ: ತಳಕ್ಕೆ 3 ಆಸರೆ, ಪಕ್ಕಕ್ಕೆ 2, ತುದಿಗೆ 1. ಇಷ್ಟು ಕೊಟ್ಟು ಒತ್ತಿ ಹಿಡಿದ್ರೆ ತುಂಡು ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರುತ್ತೆ. ಸಾವಿರ ತುಂಡು ಹಾಕಿದ್ರೂ ತೂತು ಅದೇ ಜಾಗಕ್ಕೆ ಬೀಳುತ್ತೆ.

ಆದರೆ ತುಂಡು ಅಲ್ಲಿಗೆ ಸರಿಯಾಗಿ ಬರಬೇಕಲ್ಲ? ಅದಕ್ಕೂ ಒಂದು ಚೆಂದದ ಸಾಧನ ಇದೆ, ಕಂಪಿಸೋ ಬೋಗುಣಿ. ಬೋಗುಣಿ ತುಂಬ ಸ್ಕ್ರೂ ಸುರೀತಾರೆ. ಅದು ಸಣ್ಣಗೆ ನಡುಗುತ್ತೆ. ನಡುಗಿದ ಹಾಗೆ ಸ್ಕ್ರೂಗಳು ಒಳಗೋಡೆಯ ಸುರುಳಿ ದಾರಿ ಹಿಡಿದು, ಇರುವೆ ಸಾಲಿನ ಥರ ಮೇಲೆ ಹತ್ತುತ್ವೆ. ದಾರಿಯಲ್ಲಿ ಒಂದು ಕಡೆ ಬೇಕಂತಲೇ ಕಿರಿದು ಮಾಡಿರ್ತಾರೆ. ತಲೆ ಮೇಲಾಗಿ ಬಂದದ್ದು ದಾಟುತ್ತೆ, ಅಡ್ಡ ಮಲಗಿದ್ದು ಜಾರಿ ಮತ್ತೆ ಬೋಗುಣಿಗೆ ಬೀಳುತ್ತೆ. ಅಷ್ಟೇ! ಕ್ಯಾಮೆರಾ ಬೇಡ, ಕಂಪ್ಯೂಟರ್ ಬೇಡ. ತಗಡಿನ ಒಂದು ತಿರುವೇ ಪರೀಕ್ಷೆ ಮಾಡಿ ಕಳಿಸುತ್ತೆ.

ಇದೆಲ್ಲ ನಡೆಯೋದು ಒಂದೇ ನಂಬಿಕೆ ಮೇಲೆ: ಎಲ್ಲಾ ತುಂಡೂ ಒಂದೇ ಥರ ಇರುತ್ತೆ ಅನ್ನೋದು. ಈಗ ದೊಡ್ಡಪ್ಪನ ಕಾಯಿಗೆ ಬನ್ನಿ. ಒಂದೇ ಗೊನೆಯ ಎರಡು ಕಾಯಿ ಒಂದೇ ಅಳತೆ ಇರಲ್ಲ. ಚಿಪ್ಪು ಒಂದರದ್ದು ದಪ್ಪ, ಇನ್ನೊಂದರದ್ದು ತೆಳು. ಒಳಗಿನ ಉಂಡೆ ಎಲ್ಲಿ ತಾಗಿಕೊಂಡಿದೆ ಅಂತ ಹೊರಗಿಂದ ಕಾಣಲ್ಲ. ಅವತ್ತಿನ ಯಂತ್ರ ಎಲ್ಲಾ ಕಾಯಿಯನ್ನೂ ಒಂದೇ ಬಲದಲ್ಲಿ ಒತ್ತಿ ಹಿಡಿದಿತ್ತು. ಸೀಳಿದ್ದು ಅಲ್ಲಿ.

ನಮ್ಮನೆಗೆ ಸುಲಿಯೋಕೆ ಬರೋ ಅಕ್ಕ ಏನು ಮಾಡ್ತಾರೆ ಅಂತ ಆಮೇಲೆ ಪಕ್ಕದಲ್ಲೇ ಕೂತು ನೋಡಿದೆ. ಬಲಗೈ ಮಚ್ಚಿನ ಬೆನ್ನಿಂದ ಬರೀ ತಟ್ಟುತ್ತೆ. ಕೆಲಸವೆಲ್ಲ ಎಡಗೈದು. ಪ್ರತಿ ಏಟಿಗೂ ಕಾಯಿಯನ್ನು ಚೂರು ತಿರುಗಿಸುತ್ತೆ, ಚಿಪ್ಪು ಬಿರಿದದ್ದು ಅಂಗೈಗೆ ಗೊತ್ತಾದ ಕೂಡಲೇ ಹಿಡಿತ ಸಡಿಲ ಮಾಡುತ್ತೆ. "ಶಬ್ದ ಬದಲಾಗುತ್ತೆ ಕಣಪ್ಪ, ಕೇಳು" ಅಂದ್ರು ಅವರು. ಕೈಗೆ ಸಿಗೋ ಸುದ್ದಿ ಒಂದು, ಕಿವಿಗೆ ಸಿಗೋ ಸುದ್ದಿ ಇನ್ನೊಂದು. ಆ ಯಂತ್ರಕ್ಕೆ ಎರಡೂ ಇರಲಿಲ್ಲ.

ಹಾಗಂತ ತೆಂಗಿಗೆ ಯಂತ್ರವೇ ಆಗಲ್ಲ ಅಂತಲ್ಲ. ಮಟ್ಟೆ ಸುಲಿಯೋ ಯಂತ್ರ ನೋಡಿ. ಮುಳ್ಳಿರೋ ಎರಡು ಉರುಳೆ ಎದುರುಬದುರು ತಿರುಗುತ್ವೆ. ಮುಳ್ಳು ನಾರಿಗೆ ನಾಟಿ ಮಟ್ಟೆಯನ್ನು ಎಳೆದು ಹಾಕುತ್ತೆ. ಅಲ್ಲಿ ಕಾಯಿ ಸ್ವಲ್ಪ ಆಚೀಚೆ ಆದ್ರೂ ನಡೆಯುತ್ತೆ, ಯಾಕಂದ್ರೆ ಮಟ್ಟೆ ದಪ್ಪ, ಮೆತ್ತಗೆ. ತಪ್ಪನ್ನು ಅದು ನುಂಗಿಕೊಳ್ಳುತ್ತೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತಿರುಳಿನ ಮೇಲಿನ ಕಂದು ಸಿಪ್ಪೆ ತೆಗೆಯೋಕೆ ಒಂದು ಯಂತ್ರ ಮಾಡಿದ್ದಾರೆ. ತಿರುಗೋ ಚಕ್ರಕ್ಕೆ ಎಮರಿ ಬಟ್ಟೆ ಸುತ್ತಿರುತ್ತೆ, ತಿರುಳನ್ನು ಅದಕ್ಕೆ ಒತ್ತಿ ಹಿಡಿಯೋದು ಮಾತ್ರ ಮನುಷ್ಯನ ಕೈ. ಉಜ್ಜೋದು ಯಂತ್ರಕ್ಕೆ, ಹಿಡಿಯೋದು ಕೈಗೆ. ಜಾಣತನದ ಹಂಚಿಕೆ ಅನ್ನಿಸಲ್ವಾ?

ದೊಡ್ಡಪ್ಪನಿಗೂ ನಾನು ಅದನ್ನೇ ಹೇಳಿದೆ. ಮಟ್ಟೆ ಸುಲಿಯೋದಕ್ಕೆ ಯಂತ್ರ ಬಾಡಿಗೆಗೆ ತರೋಣ, ಸೊಂಟ ಮುರಿಯೋ ಕೆಲಸ ಅದು. ಚಿಪ್ಪು ಬಿಡಿಸೋದು ಅಕ್ಕನಿಗೇ ಇರಲಿ, ಕೂಲಿ ಜಾಸ್ತಿ ಕೊಡೋಣ. ಕೂಲಿ ಮಾತು ಕೇಳಿ ಮುಖ ಸಣ್ಣ ಮಾಡಿದ್ರು. 3 ಹೋಳು ನೆನಪಿಸಿದೆ. ಒಪ್ಪಿದ್ರು.

ಆದರೆ ಆ ಅಕ್ಕನಿಗೆ ಈಗ ಮಣಿಕಟ್ಟು ನೋವು. ಅವರ ಮಕ್ಕಳಿಗೆ ಈ ಕೆಲಸ ಬೇಡ, ಬೇಕು ಅಂತ ನಾನೂ ಹೇಳಲಾರೆ. ಹಾಗಾಗಿ ಏಟಿನ ಶಬ್ದ ಕೇಳಿ ಹಿಡಿತ ಸಡಿಲಿಸೋ ಯಂತ್ರ ಒಂದು ದಿನ ಬೇಕೇ ಬೇಕು. ನಮ್ಮ ಜಿಲ್ಲೆಯ ವಸಂತನರಸಾಪುರದಲ್ಲೇ ಮೆಷಿನ್ ಟೂಲ್ ಪಾರ್ಕ್ ಇದೆ. ಕೇಳ್ತಿರೋರಲ್ಲಿ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಓದೋರು ಎಷ್ಟೋ ಜನ ಇದ್ದೀರಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ರೆ, ಬ್ಲೇಡಿನ ಚಿತ್ರ ಬರೆಯೋ ಮುಂಚೆ ಸುಲಿಯೋರ ಎಡಗೈ ಪಕ್ಕ ಒಂದು ದಿನ ಕೂತು ನೋಡಿ.

ನಿಮ್ಮೂರಲ್ಲಿ ಇಂಥ ಯಂತ್ರ ಬಂದಿದ್ರೆ, ಅದು ಕಾಯಿಯನ್ನು ಹೇಗೆ ಹಿಡಿಯುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.