ಪದ್ಮಿನಿಯ ನೀರಿನ ಪೈಪು

ಬೆಂಗಳೂರಿನ ಜೆ.ಸಿ. ರಸ್ತೆಯ ಬೆನ್ನಿಗಿರುವ ಓಣಿಗಳಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಶಟರುಗಳು ಒಂದೊಂದಾಗಿ ಮೇಲೇಳುತ್ತವೆ. ಅಂಗಡಿಗಳ ಬಾಗಿಲಲ್ಲಿ ಫ್ಯಾನ್ ಬೆಲ್ಟುಗಳು, ಕ್ಲಚ್ ಕೇಬಲ್ಲುಗಳು, ಅವುಗಳ ನಡುವೆ ಸೊಟ್ಟಸೊಟ್ಟಗಿನ ಕಪ್ಪು ರೇಡಿಯೇಟರ್ ಪೈಪುಗಳು ಗೊಂಚಲಾಗಿ ತೂಗುತ್ತಿರುತ್ತವೆ. ಹೊಸ ರಬ್ಬರಿನ ಘಾಟು ಓಣಿಗೆಲ್ಲ ಹರಡಿದೆ. ಹಳೆಯ ಗಾಡಿಯ ಪೈಪು ಬೇಕೆಂದರೆ ಅಂಗಡಿಯವರು ಮೊದಲು ಕೇಳುವುದು, ‘ಸ್ಯಾಂಪಲ್ ತಂದಿದ್ದೀರಾ?’ ಕಳಚಿದ ಪೈಪನ್ನು ಹೊಸದರ ಪಕ್ಕ ಹಿಡಿದು ಬಾಗು, ಉದ್ದ, ಬಾಯಿಯ ಅಗಲ ಮೂರನ್ನೂ ನೋಡದೆ ಕೊಡುವುದಿಲ್ಲ. ಅದೇ ಸರಿ. ನೇರ ಪೈಪನ್ನು ಕತ್ತರಿಸಿ ಒತ್ತಾಯದಿಂದ ಬಗ್ಗಿಸಿ ಹಾಕಿದರೆ ಬಾಗಿದ ಜಾಗ ಮಡಚಿಕೊಂಡು ನೀರಿನ ದಾರಿ ಕಟ್ಟುತ್ತದೆ.

ಓಣಿಯ ತುದಿಯ ಶೆಡ್ಡಿನಲ್ಲಿ ಕೆನೆಬಣ್ಣದ ಒಂದು ಪ್ರೀಮಿಯರ್ ಪದ್ಮಿನಿ ಬಾನೆಟ್ ತೆರೆದು ನಿಂತಿದೆ. ಇಟಲಿಯ ಫಿಯಟ್ 1100ರ ವಂಶದ್ದು, ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು. ತಯಾರಿಕೆ ನಿಂತು ಎರಡು ದಶಕ ದಾಟಿದರೂ ಈ ಕಾರು ಇನ್ನೂ ಭಾನುವಾರ ರಸ್ತೆಗಿಳಿಯುತ್ತದೆ. ಇಳಿದ ಕಾರು ತಾನೇ ಮನೆಗೆ ಮರಳುವುದೋ ಟೋ ಮಾಡಿಸಿಕೊಂಡು ಬರುವುದೋ ಎನ್ನುವುದನ್ನು ಬಹಳ ಸಲ ನಿರ್ಧರಿಸುವುದು ಎರಡು ತುಂಡು ರಬ್ಬರು. ಎಂಜಿನ್ನಿನ ಬಿಸಿನೀರನ್ನು ರೇಡಿಯೇಟರಿನ ತಲೆಗೆ ಒಯ್ಯುವ ಮೇಲಿನ ಪೈಪು, ತಣಿದ ನೀರನ್ನು ಬುಡದಿಂದ ವಾಟರ್ ಪಂಪಿಗೆ ತರುವ ಕೆಳಗಿನ ಪೈಪು. ಮಾಲೀಕರು ಪೇಂಟಿಗೆ, ಸೀಟಿಗೆ, ಕ್ರೋಮಿಗೆ ಖರ್ಚು ಮಾಡುತ್ತಾರೆ. ಈ ಎರಡನ್ನು ಮಾತ್ರ ಒಡೆಯುವ ತನಕ ಯಾರೂ ಮಾತಾಡಿಸುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ.

ಎಂಜಿನ್ನು ಪೂರ್ತಿ ತಣ್ಣಗಾಗಿದೆ. ಮೇಸ್ತ್ರಿ ಹೆಬ್ಬೆರಳು ತೋರುಬೆರಳ ನಡುವೆ ಮೇಲಿನ ಪೈಪನ್ನು ಹಿಡಿದು ಒತ್ತುತ್ತಾರೆ. ನಡುವಿನಲ್ಲಲ್ಲ, ಕ್ಲಿಪ್ಪಿನ ಪಕ್ಕದಲ್ಲಿ, ಎರಡು ಇಂಚಿನೊಳಗೆ. ಆಮೇಲೆ ನಡುವಿನಲ್ಲಿ ಒತ್ತಿ ಎರಡನ್ನೂ ತಾಳೆ ನೋಡುತ್ತಾರೆ. ನಡುವೆ ಗಟ್ಟಿ, ತುದಿಯಲ್ಲಿ ಮೆತ್ತಗೆ. ‘ಹೋಯ್ತು ಇದು’ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಒಂದು ಗೆರೆಯಿಲ್ಲ, ಬಿರುಕಿಲ್ಲ. ಒರೆಸಿದರೆ ಮಿರಮಿರ ಹೊಳೆಯುತ್ತದೆ.

ಕ್ಲಿಪ್ಪಿನ ಸ್ಕ್ರೂ ಸಡಿಲಿಸಿದರೂ ಪೈಪು ಕದಲುವುದಿಲ್ಲ. ವರ್ಷಗಟ್ಟಲೆ ಬಿಸಿಯುಂಡು ಹಿತ್ತಾಳೆಯ ಕತ್ತಿಗೆ ಅಂಟಿಬಿಟ್ಟಿದೆ. ಇಲ್ಲಿ ಸ್ಕ್ರೂಡ್ರೈವರ್ ತೂರಿಸಿ ಎಬ್ಬುವ ಹುಡುಗರುಂಟು. ರೇಡಿಯೇಟರಿನ ಕತ್ತು ತೆಳು ತಗಡು, ಬೆಸುಗೆಯ ಮೇಲೆ ನಿಂತದ್ದು. ಒಮ್ಮೆ ನೆಗ್ಗಿದರೆ, ಬೆಸುಗೆ ಬಿಟ್ಟರೆ, ಪೈಪಿನ ಕೆಲಸ ರೇಡಿಯೇಟರಿನ ಕೆಲಸವಾಗುತ್ತದೆ. ಮೇಸ್ತ್ರಿ ಬ್ಲೇಡು ತೆಗೆದು ಪೈಪನ್ನೇ ಉದ್ದಕ್ಕೆ ಸೀಳಿ, ಹಲಸಿನ ತೊಳೆ ಬಿಡಿಸುವಂತೆ ಬಿಡಿಸಿ ತೆಗೆಯುತ್ತಾರೆ.

ಸೀಳಿದ ಪೈಪನ್ನು ಬೆಳಕಿಗೆ ಹಿಡಿದಾಗಲೇ ಗೊತ್ತಾಗುವುದು. ಒಳಗೋಡೆಯ ಮೇಲೆ, ತುದಿಯ ಹತ್ತಿರ, ಉದ್ದುದ್ದ ಸೂಕ್ಷ್ಮ ಗೀರುಗಳು. ಉಗುರು ಹಾಕಿದರೆ ಬಾಯಿ ಬಿಡುತ್ತವೆ. ಒಂದೆರಡು ಒಳಗಿನ ನೂಲಿನ ಹೆಣಿಗೆಯವರೆಗೂ ಇಳಿದಿವೆ. ರಬ್ಬರಿನಲ್ಲಿ ಇಂಗಾಲದ ಪುಡಿ ಇರುತ್ತದೆ. ಒಂದು ಕಡೆ ಲೋಹ, ನಡುವೆ ಕೂಲೆಂಟ್, ಇನ್ನೊಂದು ಕಡೆ ಈ ರಬ್ಬರು. ಮೂರೂ ಸೇರಿ ಸಣ್ಣದೊಂದು ವಿದ್ಯುತ್ ಕೋಶವೇ ಆಗಿ, ಕಣ್ಣಿಗೆ ಕಾಣದ ವಿದ್ಯುತ್ತು ತುದಿಗಳಲ್ಲಿ ರಬ್ಬರನ್ನು ಒಳಗಿನಿಂದ ಸೀಳುತ್ತ ಬರುತ್ತದೆ. ಹೊರಗೆ ಪಾಲಿಶ್ ಹಚ್ಚಿ ಏನೂ ಪ್ರಯೋಜನವಿಲ್ಲ. ಬೆರಳಿಟ್ಟು ಒತ್ತಿ ನೋಡುವುದೊಂದೇ ಪರೀಕ್ಷೆ, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವುದೊಂದೇ ಮದ್ದು. ಕೆಳಗಿನ ಪೈಪಿನ ತೊಂದರೆ ಬೇರೆ: ಎಂಜಿನ್ ಆಯಿಲ್ ತೊಟ್ಟಿಕ್ಕಿ ಒಂದು ಮಗ್ಗುಲು ಉಬ್ಬಿ ಸ್ಪಂಜಿನಂತಾಗಿದೆ. ಪಂಪು ನೀರೆಳೆಯುವ ಜೋರಿಗೆ ಇಂಥ ಪೈಪು ಒಳಕ್ಕೆ ಕುಸಿದು ಮುಚ್ಚಿಕೊಳ್ಳಬಹುದು. ಕೆಲವು ಗಾಡಿಗಳಲ್ಲಿ ಈ ಪೈಪಿನೊಳಗೆ ಸ್ಪ್ರಿಂಗ್ ಇರುವುದು ಅದಕ್ಕೇ. ಬದಲಿಸುವಾಗ ಆ ಸ್ಪ್ರಿಂಗನ್ನು ಎಸೆಯಬಾರದು.

ಹಿತ್ತಾಳೆಯ ಕತ್ತಿನ ಸುತ್ತ ಬಿಳಿ ಗಸಿ ಕಟ್ಟಿದೆ, ಬೋರ್‌ವೆಲ್ ನೀರಿನ ಗುರುತು. ನಮ್ಮೂರ ಗಡಸು ನೀರು ಪಾತ್ರೆಯಲ್ಲಿ ಕಟ್ಟುವ ಸುಣ್ಣವನ್ನೇ ರೇಡಿಯೇಟರಿನ ನಳಿಗೆಗಳಲ್ಲೂ ಕಟ್ಟುತ್ತದೆ. ನಲ್ಲಿ ನೀರು ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಸಮಸಮ ಬೆರೆಸಿ ಹಾಕಿದರೆ ತುಕ್ಕೂ ತಗ್ಗುತ್ತದೆ, ಕುದಿಯುವುದೂ ತಡವಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಕ್ಯಾಪ್ ಒತ್ತಡ ಹಿಡಿದಿಟ್ಟು ಆ ಬಿಂದುವನ್ನು ಮೇಲೆತ್ತುತ್ತದೆ. ಬಿಸಿ ಗಾಡಿಯ ಕ್ಯಾಪ್ ತೆಗೆದವರ ಮುಖ, ಕೈ ಸುಡುವುದು ಆ ಒತ್ತಡ ಒಮ್ಮೆಲೇ ಬಿಡುಗಡೆಯಾಗಿ. ಬಸಿದು ತೆಗೆದ ಹಳೆಯ ಕೂಲೆಂಟನ್ನು ಮೇಸ್ತ್ರಿ ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿ ಬಿರಡೆ ಹಾಕುತ್ತಾರೆ. ರುಚಿಗೆ ಅದು ಸಿಹಿ. ನೆಕ್ಕಿದ ಬೀದಿನಾಯಿಯ ಜೀವ ತೆಗೆಯುವ ವಿಷ.

ಎಮರಿ ಕಾಗದದಿಂದ ಕತ್ತನ್ನು ತಿಕ್ಕಿ ಹೊಳಪು ಬರಿಸುತ್ತಾರೆ. ಹೊಸ ಪೈಪಿನ ಒಳಬಾಯಿಗೆ ಕೂಲೆಂಟನ್ನೇ ಸವರುತ್ತಾರೆ. ಗ್ರೀಸು ಬೇಡ, ಎಣ್ಣೆಯೂ ಬೇಡ. ಎರಡೂ ರಬ್ಬರಿನ ವೈರಿಗಳು. ಕ್ಲಿಪ್ಪನ್ನು ಮೊದಲೇ ಪೈಪಿಗೆ ಪೋಣಿಸಿ, ಪೈಪನ್ನು ತಿರುಪುತ್ತ ಒಳಗೆ ತಳ್ಳಿ, ಕತ್ತಿನ ಉಬ್ಬು ಏಣು ದಾಟಿದ ಮೇಲೆ ಕ್ಲಿಪ್ಪನ್ನು ಏಣಿನ ಹಿಂದಕ್ಕೆ ಕೂರಿಸುತ್ತಾರೆ. ಈ ತಿರುಪಿನ ಕ್ಲಿಪ್ಪಿಗೆ 1921ರಲ್ಲಿ ಪೇಟೆಂಟ್ ಪಡೆದವರು ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್. ನೂರು ವರ್ಷ ಕಳೆದರೂ ಆ ವಿನ್ಯಾಸಕ್ಕೆ ದೊಡ್ಡ ತಿದ್ದುಪಡಿ ಬೇಕಾಗಿಲ್ಲ. ಅತಿಯಾಗಿ ಬಿಗಿದರೆ ಮಾತ್ರ ಪಟ್ಟಿಯ ಅಂಚೇ ರಬ್ಬರನ್ನು ಕೊರೆಯುತ್ತದೆ.

ಅಷ್ಟರಲ್ಲಿ ಮಾಲೀಕರು ಯಾರೋ ಕೊಟ್ಟ ಸಲಹೆಯನ್ನು ಮುಂದಿಡುತ್ತಾರೆ: ‘ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಹೀಟೇ ಆಗಲ್ಲವಂತೆ.’ ಮೇಸ್ತ್ರಿ ತಲೆಯಾಡಿಸುತ್ತಾರೆ. ಎಂಜಿನ್ನು ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಆ ಕವಾಟವಿಲ್ಲದಿದ್ದರೆ ಎಂಜಿನ್ನು ಬೇಗ ಕಾಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಗೆ ಸವೆಯುತ್ತದೆ.

ನೀರು ತುಂಬಿ, ಕ್ಯಾಪ್ ತೆರೆದಿಟ್ಟೇ ಗಾಡಿ ಸ್ಟಾರ್ಟ್ ಮಾಡುತ್ತಾರೆ. ಗಾಳಿಯ ಗುಳ್ಳೆಗಳು ಬುಳಬುಳ ಮೇಲೆ ಬರುತ್ತವೆ. ಮಟ್ಟ ಇಳಿದಂತೆ ಇನ್ನಷ್ಟು ಹೊಯ್ಯುತ್ತಾರೆ. ಮೇಲಿನ ಪೈಪು ಬಹಳ ಹೊತ್ತು ತಣ್ಣಗೇ ಇರುತ್ತದೆ. ಸುಮಾರು 80 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದುಕೊಂಡಾಗ ಅಂಗೈಯಡಿಯಲ್ಲಿ ಪೈಪು ಒಮ್ಮೆಲೇ ಬಿಸಿಯಾಗುತ್ತದೆ. ಮೇಸ್ತ್ರಿ ಕ್ಯಾಪ್ ಬಿಗಿದು, ನಾಲ್ಕೂ ಸಂದುಗಳ ಕೆಳಗೆ ಒಣಬಟ್ಟೆ ಆಡಿಸಿ ನೋಡುತ್ತಾರೆ.

ನಂದಿಬೆಟ್ಟ ಹತ್ತಿಸಬಹುದೇ ಎಂದು ಮಾಲೀಕರು ಕೇಳುತ್ತಾರೆ. ಮೊದಲು ಯಲಹಂಕದ ತನಕ ಹೋಗಿಬನ್ನಿ ಎನ್ನುತ್ತಾರೆ ಮೇಸ್ತ್ರಿ. ಹೊಸ ರಬ್ಬರು ಬಿಸಿಯುಂಡು ತಣಿದಾಗ ಕೊಂಚ ಕೂರುತ್ತದೆ, ಕ್ಲಿಪ್ಪು ಸಡಿಲಾಗುತ್ತದೆ. ಮಾರನೆಯ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೀರಿನ ಮಟ್ಟ ನೋಡಿ, ಕ್ಲಿಪ್ಪುಗಳಿಗೆ ಅರ್ಧ ಸುತ್ತು ಕೊಟ್ಟ ಮೇಲೆ ಬೆಟ್ಟ.