ಅಮಾವಾಸ್ಯೆಯ ಭಜನೆ, ಹೊಳೆಯ ಹರಿಗೋಲು

1520ರ ಮಾತು. ರಾಯಚೂರು ಕೋಟೆಗೆ ಕೃಷ್ಣದೇವರಾಯನ ದಂಡು ಮುತ್ತಿಗೆ ಹಾಕಿತ್ತು. ಕೋಟೆ ಉಳಿಸಿಕೊಳ್ಳಲು ಬಂದ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯ ಆಚೆ ದಂಡೆಯಲ್ಲಿ ಡೇರೆ ಹೊಡೆದಿದ್ದ. ಡೇರೆಯ ಹೊರಗೆ ಆಸ್ಥಾನದವನೊಬ್ಬ ಪದ್ಯವೊಂದನ್ನು ಗುನುಗಿದನಂತೆ. ಅದು ಕಿವಿಗೆ ಬಿದ್ದದ್ದೇ ಸುಲ್ತಾನನಿಗೆ ಹುರುಪು ಬಂತು. ಮದ್ಯ ಬಂತು, ಸಂಗೀತ ಶುರುವಾಯಿತು. ಹೊಳೆ ದಾಟಲು ತೊಗಲು ಹೊದಿಸಿದ ತೆಪ್ಪಗಳು ಎಷ್ಟು ಸಿದ್ಧವಾಗಿವೆ ಎಂದು ಕೇಳಿದ. ನೂರು ಆಗಿವೆ, ಉಳಿದವು ಇಷ್ಟರಲ್ಲೇ ಆಗುತ್ತವೆ ಎಂದರು. ಅಷ್ಟು ಕಾಯಲು ಮನಸ್ಸಿಲ್ಲದೆ ಆನೆ ಏರಿ ಹೊಳೆಗಿಳಿದೇಬಿಟ್ಟ. ದಾಟಿದ್ದು ಅರೆಬರೆ ಸೈನ್ಯ, ಮುಂದೆ ಆದದ್ದು ಸೋಲು. ಚರಿತ್ರೆಕಾರ ಫೆರಿಷ್ತಾ ಬರೆದಿಟ್ಟ ಕತೆ ಇದು. ಎಷ್ಟು ನಿಜವೋ, ಎಷ್ಟು ಸೋಲಿಗೆ ಹುಡುಕಿದ ನೆಪವೋ, ಹಾಡು ಮತ್ತು ತೆಪ್ಪ ಎರಡೂ ಕೂಡಿ ಬಂದ ಇಂಥ ಪ್ರಸಂಗ ರಾಯಚೂರಿನ ಚರಿತ್ರೆಯಲ್ಲಿ ಇನ್ನೊಂದಿರಲಾರದು.

ಎರಡೂ ಈ ನೆಲದಲ್ಲಿ ಇನ್ನೂ ಉಳಿದಿವೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವಿನ ಎಡೆದೊರೆ ನಾಡು. ಇಲ್ಲಿ ಹಗಲೆಲ್ಲ ಹತ್ತಿ ಬಿಡಿಸಿದವರು, ಗದ್ದೆಗೆ ನೀರು ಕಟ್ಟಿದವರು, ಶಾಲೆ ಮಾಸ್ತರರು, ಹತ್ತಿ ಮಾರುಕಟ್ಟೆಯ ಹಮಾಲರು, ಶಕ್ತಿನಗರದ ಥರ್ಮಲ್‌ನಲ್ಲಿ ಪಾಳಿ ಮುಗಿಸಿದವರು ರಾತ್ರಿ ಊಟವಾದ ಮೇಲೆ ಗುಡಿಯ ಮುಂದೆ ಜಮಖಾನ ಹಾಸಿಕೊಂಡು ಕೂರುತ್ತಾರೆ. ಪೇಟಿಯ ಮುಚ್ಚಳ ತೆಗೆಯುತ್ತಾರೆ. ಭಜನಾ ಮೇಳ ಎಂದರೆ ಇಷ್ಟೇ. ಟಿಕೇಟಿಲ್ಲ, ಸಂಭಾವನೆಯಿಲ್ಲ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಅಮಾವಾಸ್ಯೆಗೆ, ಸೋಮವಾರಕ್ಕೆ, ಶ್ರಾವಣದ ದಿನಗಳಲ್ಲಿ ಕತ್ತಲಾದ ಮೇಲೆ ಹಾದುಹೋದವರಿಗೆ ತಾಳದ ಸಪ್ಪಳ ಕೇಳಿಯೇ ಇರುತ್ತದೆ.

ಮೇಳಕ್ಕೆ ಬೇಕಾದ ಸಾಮಾನು ಕಡಿಮೆ. ಒಂದು ಪೇಟಿ, ಅಂದರೆ ಹಾರ್ಮೋನಿಯಂ. ಒಂದು ಜೊತೆ ತಬಲಾ, ಅದಿಲ್ಲದಿದ್ದರೆ ಢೋಲಕ್. ನಾಲ್ಕಾರು ಜೊತೆ ತಾಳ, ಒಂದು ದಮ್ಮಡಿ. ಹಳಬರಿದ್ದರೆ ಏಕತಾರಿ. ಪೇಟಿಯವನ ಎಡಗೈ ಗಾಳಿ ಹಾಕುತ್ತಿರುತ್ತದೆ, ಬಲಗೈ ಹಾಡುವವನ ದನಿಯ ಬೆನ್ನು ಹತ್ತಿರುತ್ತದೆ. ಹಾಡುವವನು ಯಾವ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಎರಡು ಮನೆ ಹಿಂದೆ ಮುಂದೆ ಹುಡುಕಿ ಪೇಟಿಯವನೇ ಅವನನ್ನು ಹಿಡಿಯಬೇಕು. ಶಾಸ್ತ್ರೀಯ ಸಂಗೀತದವರು ಕೇಳಿದರೆ ಮೊದಲ ಎರಡು ಸಾಲಿಗೆ ಮುಖ ಕಿವುಚಿಯಾರು. ಮೂರನೆಯ ಸಾಲಿಗೆ ಎಲ್ಲ ಸರಿಹೋಗುತ್ತದೆ.

ಮೊದಲು ಗಣಪತಿಯದೋ ಗುರುವಿನದೋ ಸ್ತುತಿ. ಆಮೇಲೆ ಒಬ್ಬ ಪಲ್ಲವಿ ಎತ್ತುತ್ತಾನೆ, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಅವನು ಒಂದು ನುಡಿ ಹಾಡಿ ಬರುವಷ್ಟರಲ್ಲಿ ಇವರು ಉಸಿರು ತೆಗೆದುಕೊಂಡು ಕಾದಿರುತ್ತಾರೆ. ನುಡಿಯಿಂದ ನುಡಿಗೆ ಲಯ ಏರುತ್ತದೆ. ಕಡೆಯ ನುಡಿಗೆ ದುಪ್ಪಟ್ಟಾಗುತ್ತದೆ. ಆಗ ನೋಡಬೇಕಾದದ್ದು ತಾಳದವನ ಕೈ. ಎಡಗೈಯ ಬಟ್ಟಲು ಅಲುಗಾಡುವುದಿಲ್ಲ, ಬಲಗೈಯದು ಅದರ ಅಂಚಿಗೆ ಓರೆಯಾಗಿ ತಾಗಿ ಜಾರುತ್ತದೆ. ಬಡಿದರೆ ಬರುವುದು ಗದ್ದಲ, ಜಾರಿಸಿದರೆ ಬರುವುದು ನಾದ. ಮೇಳ ಹಳಿ ತಪ್ಪದಂತೆ ಹಿಡಿದಿರುವವನು ಅವನೇ, ಆದರೂ ಹೊಗಳಿಕೆ ಹೋಗುವುದು ಪೇಟಿಯವನಿಗೆ. ನಡುವೆ ಚಹಾ, ಮಂಡಾಳ ಒಗ್ಗರಣೆ, ಮಿರ್ಚಿ. ಕಡೆಗೆ ಮಂಗಳಾರತಿ. ಅಷ್ಟೊತ್ತಿಗೆ ನಡುರಾತ್ರಿ ದಾಟಿರುತ್ತದೆ.

ಏನು ಹಾಡುತ್ತಾರೆ? ರಾಯಚೂರು, ದೇವದುರ್ಗ, ಮಾನ್ವಿ ಸುತ್ತಲಿನ ಸಿರಿತನ ಇರುವುದೇ ಇಲ್ಲಿ. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯಕ್ಕೆ ಎರಡನೆಯ ಹುಟ್ಟು ಸಿಕ್ಕಿದ್ದು ಈ ಭಾಗದಲ್ಲಿ. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಹುಟ್ಟಿದ್ದು ಬ್ಯಾಗವಾಟದಲ್ಲಿ, ನೆಲೆಸಿದ್ದು ಮಾನ್ವಿಯಲ್ಲಿ. ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ ಅವರದು.

ಜಗನ್ನಾಥದಾಸರ ಕತೆ ಭಜನೆಯವರಿಗೆ ಬಲು ಪ್ರಿಯ. ದಾಸರಾಗುವ ಮೊದಲು ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ತಾಳ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಹಗುರಾಗಿ ಕಂಡರಂತೆ. ಹೊಟ್ಟೆಶೂಲೆ ಹಿಡಿಯಿತು. ಕಡೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರು ಎಂಬುದು ನಂಬಿಕೆ. ಪವಾಡವನ್ನು ಬಿಟ್ಟುಬಿಡಿ, ಒಳಗಿನ ವ್ಯಾಜ್ಯ ಇಂದಿಗೂ ಮುಗಿದಿಲ್ಲ. ಓದಿ ಕಲಿತವರ ಸಂಗೀತಕ್ಕೆ ವೇದಿಕೆ, ಕೂತು ಕಲಿತವರ ಹಾಡಿಗೆ ಗುಡಿಯ ಕಟ್ಟೆ ಎಂಬ ತಾರತಮ್ಯ ಹಾಗೇ ಇದೆ. ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಗೆ ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆ. ರಾಯಚೂರು ಪಟ್ಟಣದಲ್ಲಿ ದಾಸರ ಪದಗಳನ್ನು ಈಗ ಹೆಚ್ಚಾಗಿ ಹೊತ್ತು ನಡೆಸುತ್ತಿರುವವರು ಮಹಿಳಾ ಭಜನಾ ಮಂಡಳಿಗಳು. ಮಧ್ಯಾಹ್ನ ಮನೆಗೆಲಸ ಮುಗಿಸಿ ಮಠದಲ್ಲೋ ಯಾರದೋ ಪಡಸಾಲೆಯಲ್ಲೋ ಸೇರುವ ಈ ಗುಂಪುಗಳ ಶಿಸ್ತು ಹಳ್ಳಿಯ ಗಂಡಸರ ಮೇಳಕ್ಕಿಲ್ಲ. ಆದರೆ ಹಳ್ಳಿಯ ಮೇಳದ ಬಿಡುಬೀಸು ಇವರಿಗಿಲ್ಲ.

ಹಳ್ಳಿಯ ಮೇಳದ ಜೀವಾಳ ತತ್ವಪದ. ಕಡಕೋಳ ಮಡಿವಾಳಪ್ಪ, ಖೈನೂರು ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ಶಿಶುನಾಳ ಶರೀಫರ ಜೊತೆಗೆ ದೇವದುರ್ಗ ಸೀಮೆಯವರೇ ಆದ ಗಬ್ಬೂರು ಹಂಪಣ್ಣನ ಪದಗಳೂ ಇಲ್ಲಿವೆ. ದೇವದುರ್ಗ ತಾಲ್ಲೂಕಿನ ಜೋಳದಹೆಡಗಿಯ ಬಡೇಸಾಹೇಬರು ರಾಮದಾಸರೆಂಬ ಹೆಸರಿನಲ್ಲಿ ಕೀರ್ತನೆ ಕಟ್ಟಿದರು. ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಹರಿದಾಸ ಎಂದು ಪಟ್ಟಣದ ಭಾಷಣಗಳಲ್ಲಿ ಇದನ್ನು ಅಚ್ಚರಿಯೆಂಬಂತೆ ಹೇಳುವುದುಂಟು. ಮೊಹರಂ ಬಂದರೆ ಹಿಂದೂ ಮುಸ್ಲಿಮರೆನ್ನದೆ ಅಲಾಯಿ ಕುಣಿಯುವ, ರಿವಾಯತ್ ಪದ ಹಾಡುವ ಊರುಗಳಲ್ಲಿ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಪದ ಕಲಿಯುವುದು ಬಾಯಿಂದ ಬಾಯಿಗೆ. ಮರೆಯದಿರಲೆಂದು ಒಂದು ನೋಟುಬುಕ್ಕು. ಆಡಿದ ಹಾಗೇ ಬರೆದದ್ದು, ಒತ್ತಕ್ಷರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೆ ಕೊನೆಯ ನುಡಿಯ ಅಂಕಿತ ಮಾತ್ರ ತಪ್ಪುವಂತಿಲ್ಲ. ಯಾರ ಪದವನ್ನು ಯಾರ ಹೆಸರಿಗೋ ಹಚ್ಚಿದರೆ ಹಿರಿಯರು ಅಲ್ಲೇ ತಡೆಯುತ್ತಾರೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಎಸ್. ನಟರಾಜ ಬೂದಾಳು ಅವರ ಸಂಪಾದಕತ್ವದಲ್ಲಿ ನಾಡಿನ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಹೊರತಂದಿದೆ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಸಂಪುಟದಲ್ಲಿ ಚಾಲು, ಅಂದರೆ ಹಾಡುವ ಧಾಟಿ, ಇರುವುದಿಲ್ಲ. ಧಾಟಿ ಗೊತ್ತಿರುವ ಮುದುಕ ಹೋದರೆ ಪದ ಪುಸ್ತಕದಲ್ಲಿ ಉಳಿದೂ ಹಾಡಿನಲ್ಲಿ ಸತ್ತಂತೆ. ಈಗಿನ ಹುಡುಗರು ಆ ಜಾಗಕ್ಕೆ ಸಿನಿಮಾ ಧಾಟಿ ತಂದು ಕೂಡಿಸುತ್ತಾರೆ. ಹಿರಿಯರು ಗೊಣಗುತ್ತಾರೆ. ನನ್ನನ್ನು ಕೇಳಿದರೆ ಹಾಡದೆ ಬಿಡುವುದಕ್ಕಿಂತ ಸಿನಿಮಾ ಧಾಟಿಯೇ ಲೇಸು. ನಾಟಕ ಕಂಪನಿಯ ಮಟ್ಟುಗಳು ಭಜನೆಯೊಳಗೆ ನುಸುಳಿದಾಗಲೂ ಹಿರಿಯರು ಹೀಗೇ ಗೊಣಗಿದ್ದಿರಬೇಕು.

ಸಂಗೀತದಲ್ಲಿ ರಾಯಚೂರು ಬಡವಲ್ಲ. ವಚನ ಗಾಯನದ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಪಟ್ಟಣದಲ್ಲಿದೆ. ಕ್ಲಾರಿಯೋನೆಟ್‌ನಂಥ ವಾದ್ಯದಲ್ಲಿ ಹಿಂದುಸ್ತಾನಿ ರಾಗ ನುಡಿಸಿದ ನರಸಿಂಹಲು ವಡವಾಟಿ ಇಲ್ಲಿಯವರು. ಪಂಡಿತ ತಾರಾನಾಥರು 1920ರಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಊರಿದು. ಅವರ ಮಗ ರಾಜೀವ ತಾರಾನಾಥರ ಸರೋದ್ ಲೋಕಕ್ಕೇ ಗೊತ್ತು. ಇವರೆಲ್ಲ ವೇದಿಕೆಯ ದೊಡ್ಡವರು. ಇಂಥವರನ್ನು ಕೂತು ಕೇಳುವ ಕಿವಿಗಳನ್ನು ಊರೂರಿಗೆ ತಯಾರು ಮಾಡಿದ್ದು ಮಾತ್ರ ಹೆಸರಿಲ್ಲದ ಭಜನಾ ಮೇಳಗಳು.

ಇನ್ನು ಹೊಳೆಗೆ ಬರೋಣ. ರಜೆಯ ದಿನ ಹಾಯಿದೋಣಿ ಬಿಡುವ ಶೋಕಿ ಬೆಂಗಳೂರಿನ ಹಲಸೂರು ಕೆರೆಯಲ್ಲಿದೆ, ಕೆಆರ್‌ಎಸ್ ಹಿನ್ನೀರಿನಲ್ಲಿದೆ. ರಾಯಚೂರಿನ ಹೊಳೆಗಳಿಗೆ ಹಾಯಿ ಒಗ್ಗುವುದಿಲ್ಲ. ಹಾಯಿದೋಣಿಗೆ ಆಳ ಬೇಕು, ಇಲ್ಲಿ ನೀರಿಗಿಂತ ಬಂಡೆ ಹೆಚ್ಚು. ಬೇಸಿಗೆಯಲ್ಲಿ ಕೃಷ್ಣೆ ಸೀಳಿ ಸೀಳಿ ಹರಿಯುತ್ತದೆ. ಇದಕ್ಕೆ ತಕ್ಕ ದೋಣಿ ಹರಿಗೋಲು, ನಮ್ಮವರ ಬಾಯಲ್ಲಿ ತೆಪ್ಪ. ಸೀಳಿದ ಬಿದಿರನ್ನು ನಡುವಿನಿಂದ ಹೆಣೆಯುತ್ತ ಹೋಗಿ ಅಂಚು ಎತ್ತಿ ಕಟ್ಟುತ್ತಾರೆ. ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದಕ್ಕಿಂತ ಕಡಿಮೆ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗಿ ಜಾರಿಕೊಳ್ಳುತ್ತದೆ, ಮುರಿಯುವುದಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇದನ್ನು ಕಂಡಿದ್ದ. ಬುಟ್ಟಿಯಂಥ ದುಂಡು ದೋಣಿ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತದೆ, ಸುತ್ತುತ್ತಲೇ ಸಾಗುತ್ತದೆ ಎಂದು ಬರೆದ.

ಸುತ್ತದಂತೆ ಸಾಗಿಸುವುದೇ ಕಸುಬು. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಹರಿಗೋಲು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಬಲ್ಲ ಅಂಬಿಗ ಮುಂದಕ್ಕೆ ಬಾಗಿ ಹುಟ್ಟನ್ನು ಎದುರಿಗೇ ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎದುರು ದಡಕ್ಕೆ ನೇರ ಹೋಗುವ ಹಟ ಮಾಡುವುದಿಲ್ಲ. ಮೊದಲು ದಂಡೆಗುಂಟ ತೆಪ್ಪವನ್ನು ಮೇಲಕ್ಕೆ ಒಯ್ದು, ಸೆಳವಿಗೆ ಓರೆಯಾಗಿ ಬಿಟ್ಟು, ಕೆಳಗೆ ತಾನು ಎಣಿಸಿದ ಜಾಗದಲ್ಲೇ ದಡ ಮುಟ್ಟುತ್ತಾನೆ. ಪುರಂದರದಾಸರ ಅಂಬಿಗನ ಪದವನ್ನು ದಡದಲ್ಲಿ ಕೂತು ಹಾಡುವ ನಮಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದ, ನಾರದಗಡ್ಡೆಯಂಥ ನಡುಗಡ್ಡೆಗಳಿಗೆ ತೆಪ್ಪವೇ ದಾರಿ. ಕುರ್ವಕುಲವೆಂದರೆ ದತ್ತಭಕ್ತರ ಕುರವಪುರ, ಶ್ರೀಪಾದ ಶ್ರೀವಲ್ಲಭರ ಸ್ಥಾನ. ಗುರುವಾರಗಳಂದು, ಗುರುದ್ವಾದಶಿಗೆ, ದತ್ತ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಭಕ್ತರಿಗೆ ಇದು ಅರ್ಧ ಗಳಿಗೆಯ ಖುಷಿ. ನಡುಗಡ್ಡೆಯವರಿಗೆ ಇದೇ ಶಾಲೆಯ ದಾರಿ, ಆಸ್ಪತ್ರೆಯ ದಾರಿ, ಸಂತೆಯ ದಾರಿ. 2020ರ ಆಗಸ್ಟ್‌ನಲ್ಲಿ ಕುರ್ವಕುರ್ದದ ಬಳಿ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗುತ್ತದೆ, ತೆಪ್ಪದ ಪಾಡೇನು? ಸೇತುವೆಗಳು ಆಗಲೇಬೇಕು. ಹರಿಗೋಲಿನ ಚೆಲುವು ಉಳಿಯಲೆಂದು ಯಾರೂ ಸೇತುವೆ ಬೇಡವೆನ್ನಬಾರದು. ಸೇತುವೆ ಆದ ಮೇಲೆ ಬೇಕಾದರೆ ಹರಿಗೋಲು ಹಂಪಿಯಲ್ಲಿ ಆದಂತೆ ರಜೆಯ ವಿಹಾರವಾಗಿ ಉಳಿಯಲಿ, ಅಂಬಿಗರ ಮಕ್ಕಳಿಗೆ ನಾಲ್ಕು ಕಾಸು ಸಿಗಲಿ.

ಓದುಗರಿಗೆ ಎರಡು ಮಾತು. ತೆಪ್ಪ ಹತ್ತುವ ಮನಸ್ಸಿದ್ದರೆ ಮಳೆಗಾಲ ಕಳೆದ ಮೇಲೆ ಹೋಗಿ. ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸಿಕೊಳ್ಳಿ, ಜೀವರಕ್ಷಕ ಜಾಕೆಟ್ ಕೇಳಿ ಪಡೆಯಿರಿ, ನಡುನೀರಿನಲ್ಲಿ ಫೋಟೋಕ್ಕಾಗಿ ಎದ್ದು ನಿಲ್ಲಬೇಡಿ. ಭಜನೆಗಾದರೆ ಯಾವ ಎಚ್ಚರಿಕೆಯೂ ಬೇಡ, ಆಹ್ವಾನವೂ ಬೇಡ. ಅಮಾವಾಸ್ಯೆಯ ರಾತ್ರಿ ಯಾವ ಗುಡಿಯ ಮುಂದೆ ತಾಳ ಕೇಳಿಸುತ್ತದೋ ಅಲ್ಲಿ ಹೋಗಿ ಕೂತರಾಯಿತು. ಕೈಗೊಂದು ಜೊತೆ ತಾಳ ಕೊಡುತ್ತಾರೆ. ಮನೆಯ ಅಟ್ಟದ ಮೇಲೆ ಯಾರೂ ನುಡಿಸದ ಹಾರ್ಮೋನಿಯಂ ಇದ್ದರೆ ಅದನ್ನೂ ಒಯ್ಯಿರಿ, ಯಾವುದಾದರೂ ಹಳ್ಳಿಯ ಮೇಳಕ್ಕೆ ಕೊಟ್ಟು ಬನ್ನಿ.