ಸೌರವ್ಯೂಹದ ಪಾಠ: ಭಿತ್ತಿಚಿತ್ರದಿಂದ ಹೊಲದ ದಾರಿಗೆ

ಸೌರವ್ಯೂಹವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಭಿತ್ತಿಚಿತ್ರವನ್ನು ತೂಗುಹಾಕುತ್ತೇವೆ. ಅದರಲ್ಲಿ ಎಂಟು ಗ್ರಹಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಮಗ್ಗುಲಿಗೆ ಮಗ್ಗುಲಾಗಿ ಇರುತ್ತವೆ. ಹೆಸರು ಕಲಿಸಲು ಇಷ್ಟು ಸಾಕು. ಅಂತರವನ್ನು ತಿಳಿಸಲು ಸಾಲದು. ನಾನೂ ಹಲವು ವರ್ಷ ಹೀಗೆಯೇ ಪಾಠ ಮಾಡಿದೆ. “ಗುರೂಜಿ, ಮಂಗಳ ಮತ್ತು ಗುರುವಿನ ನಡುವೆ ಬೆರಳಿಡಲೂ ಜಾಗವಿಲ್ಲ. ಲಕ್ಷಾಂತರ ಕ್ಷುದ್ರಗ್ರಹಗಳು ಎಲ್ಲಿ ಹಿಡಿಸುತ್ತವೆ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ ದಿನ ನನ್ನ ಕೊರತೆ ನನಗೆ ತಿಳಿಯಿತು.

ಮಿರಜ ತಾಲೂಕಿನ ಖಂಡೇರಾಜುರಿಯಂತಹ ಊರಿನಲ್ಲಿ ಈ ಕೊರತೆಯನ್ನು ನೀಗಿಸುವುದು ಸುಲಭ. 1 ಮಿಲಿಮೀಟರಿಗೆ 10,000 ಕಿಲೋಮೀಟರ್ ಎಂಬ ಪ್ರಮಾಣವನ್ನು ಇಟ್ಟುಕೊಳ್ಳಿರಿ. ಆಗ 14 ಸೆಂಟಿಮೀಟರ್ ವ್ಯಾಸದ ರಟ್ಟಿನ ಬಿಲ್ಲೆಯೇ ಸೂರ್ಯ. ಬುಧ ಮತ್ತು ಮಂಗಳ ಗಸಗಸೆಯ ಕಾಳುಗಳು. ಶುಕ್ರ ಮತ್ತು ಭೂಮಿ ಸಾಸಿವೆ. ಗುರು ಒಂದು ದ್ರಾಕ್ಷಿ, ಶನಿ ಅದಕ್ಕಿಂತ ತುಸು ಚಿಕ್ಕ ದ್ರಾಕ್ಷಿ. ಯುರೇನಸ್ ಮತ್ತು ನೆಪ್ಚೂನ್ ಜೋಳದ ಕಾಳುಗಳು.

ಇವುಗಳನ್ನು ಹಿಡಿದು, ವಾಹನಗಳ ಓಡಾಟವಿಲ್ಲದ ಹೊಲದ ದಾರಿಗೆ ಮಕ್ಕಳನ್ನು ಕರೆದೊಯ್ಯಿರಿ. ಸೂರ್ಯನಿಂದ ಬುಧ 6 ಮೀಟರ್, ಶುಕ್ರ 11, ಭೂಮಿ 15, ಮಂಗಳ 23, ಗುರು 78, ಶನಿ 143, ಯುರೇನಸ್ 287, ನೆಪ್ಚೂನ್ 450 ಮೀಟರ್ ದೂರದಲ್ಲಿ ನಿಲ್ಲಬೇಕು. ಚಂದ್ರನು ಮಾತ್ರ ಭೂಮಿಯಿಂದ 4 ಸೆಂಟಿಮೀಟರ್ ದೂರದಲ್ಲಿಯೇ ಇರುತ್ತಾನೆ.

ಮಂಗಳದಿಂದ ಗುರುವಿಗೆ ಹೋಗುವ 55 ಮೀಟರ್ ಬರಿದಾದ ದಾರಿಯಲ್ಲಿ ಸ್ವಲ್ಪ ನಿಲ್ಲಿರಿ. ಕ್ಷುದ್ರಗ್ರಹಗಳ ಪಟ್ಟಿ ಇರುವುದು ಇಲ್ಲಿಯೇ. ಇವುಗಳಲ್ಲಿ ಅತಿ ದೊಡ್ಡದಾದ ಸೀರಿಸ್‌ನ ವ್ಯಾಸ ಸುಮಾರು 940 ಕಿಲೋಮೀಟರ್. ನಮ್ಮ ಪ್ರಮಾಣದಲ್ಲಿ ಅದು ಸೀಮೆಸುಣ್ಣದ ಧೂಳಿನ ಒಂದು ಕಣ. ಪಟ್ಟಿಯ ಕಾಯಗಳನ್ನೆಲ್ಲ ಒಟ್ಟುಗೂಡಿಸಿದರೂ ಚಂದ್ರನಷ್ಟು ತೂಗಲಾರವು. 1801ರಲ್ಲಿ ಕಂಡುಬಂದ ಸೀರಿಸನ್ನು ಮೊದಲು ಗ್ರಹವೆಂದೇ ಎಣಿಸಿದ್ದರು. 2006ರಿಂದ ಅದೂ ನೆಪ್ಚೂನಿನಾಚೆಯ ಪ್ಲೂಟೊವೂ ಕುಬ್ಜಗ್ರಹಗಳೆನಿಸಿವೆ.

ಶಿಕ್ಷಕರು ಎರಡು ಪದಗಳ ಬಗ್ಗೆ ಎಚ್ಚರ ವಹಿಸಬೇಕು. ‘ಕ್ಷುದ್ರ’ ಎಂಬುದಕ್ಕೆ ಇಲ್ಲಿ ‘ಚಿಕ್ಕ’ ಎಂದಷ್ಟೇ ಅರ್ಥ, ಕೆಡುಕು ಎಂದಲ್ಲ. ಮಕ್ಕಳು ಸುತ್ತಲಿನ ಮರಾಠಿಯಲ್ಲಿ ಕೇಳುವ ‘ಲಘುಗ್ರಹ’ವೂ ಇದೇ ಎಂದು ತಿಳಿಸಿರಿ. ಎರಡನೆಯದು ‘ನವಗ್ರಹ’. ಆ ಎಣಿಕೆಯಲ್ಲಿ ನಕ್ಷತ್ರವಾದ ಸೂರ್ಯನೂ ಉಪಗ್ರಹವಾದ ಚಂದ್ರನೂ ಸೇರಿದ್ದಾರೆ. ರಾಹು ಕೇತುಗಳು ಆಕಾಶದಲ್ಲಿ ಸೂರ್ಯ ಚಂದ್ರರ ಪಥಗಳು ಕೂಡುವ ಬಿಂದುಗಳು. ಮನೆಯ ನಂಬಿಕೆಯನ್ನು ಹೀಯಾಳಿಸದೆ ಈ ಭೇದವನ್ನು ವಿವರಿಸಿರಿ.

ಚಿಕ್ಕ ಕಾಯಗಳೆಂದು ಅಲಕ್ಷಿಸುವಂತಿಲ್ಲ. ನಮ್ಮ ರಾಜ್ಯದ ಬುಲಢಾಣಾ ಜಿಲ್ಲೆಯ ಲೋಣಾರ ಸರೋವರವು ಅಂತರಿಕ್ಷದಿಂದ ಬಂದೆರಗಿದ ಕಾಯವೊಂದು ತೋಡಿದ ಕುಳಿ. ಅದರ ಅಗಲ ಸುಮಾರು 1.8 ಕಿಲೋಮೀಟರ್. ಅದು ಮೂಡಿರುವುದು ದಖ್ಖನ್ನಿನ ಕರಿಗಲ್ಲಿನಲ್ಲಿ. ಸಾಂಗ್ಲಿ ಜಿಲ್ಲೆಯ ನೆಲದಡಿಯಲ್ಲಿರುವುದೂ ಅದೇ ಕಲ್ಲು. ಹಿಂದಿರುಗುವ ಮುನ್ನ ಅಂತಹ ಒಂದು ಕಲ್ಲನ್ನು ಮಕ್ಕಳ ಕೈಗೆ ಕೊಡಿರಿ.

ಮರುದಿನ ಅದೇ ಭಿತ್ತಿಚಿತ್ರವನ್ನು ತೂಗುಹಾಕಿ, “ಇದರಲ್ಲಿ ತಪ್ಪೇನು?” ಎಂದು ಕೇಳಿರಿ. ಮಕ್ಕಳು ಉತ್ತರಿಸಿದರೆ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.